ಹಿಂದಿನ ಗಾಲಿಯ ಎತ್ತರ

ಭರಮಪ್ಪನ ಉಡದಾರದಲ್ಲಿ ಟ್ರ್ಯಾಕ್ಟರಿನ ಕೀ ಸದಾ ತೂಗುತ್ತಿತ್ತು. ಬೆಳಗ್ಗೆ ಸ್ನಾನಕ್ಕೆ ಕೂತಾಗ ಅದು ತಂಬಿಗೆಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ನಾಗಸಂದ್ರದ ಮೆಟ್ರೋ ನಿಲ್ದಾಣದ ಹಿಂದೆ, ರೈಲು ಡಬ್ಬಿಗಳಂತೆ ಒಂದಕ್ಕೊಂದು ಅಂಟಿಸಿ ಕಟ್ಟಿದ ಬಾಡಿಗೆ ಕೋಣೆಗಳಲ್ಲಿ ಕೊನೆಯದು ಅವರದು. ಆ ಸದ್ದು ಕೇಳಿತೆಂದರೆ ಹೊತ್ತು ಮೂಡಿತೆಂದು ಅರ್ಥ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಚನ್ನಕ್ಕ ರೊಟ್ಟಿ ತಟ್ಟುತ್ತಲೇ ಗಂಡನನ್ನು ಛೇಡಿಸುತ್ತಿದ್ದಳು.

"ಮೈ ತೊಳ್ಕೊಳ್ಳುವಾಗರೆ ಬಿಚ್ಚಿಡ್ರಿ ಅದನ್ನ. ಯಾರು ಕದ್ಕೊಂಡು ಹೋಗ್ತಾರ?"

"ಬಿಚ್ಚಿದ್ರ ಚಡ್ಡಿ ನಿಂದ್ರಂಗಿಲ್ಲ ತಗೀ. ಅದರ ತೂಕಕ್ಕ ನಿಂತೈತಿ."

ಮಗಳು ಶಾಂಭವಿ ಹೊದಿಕೆಯೊಳಗೇ ನಗುತ್ತಿದ್ದಳು. ಅವಳು ನಗುವುದೂ ಒಳಗೇ, ಅಳುವುದೂ ಒಳಗೇ. ಬಿ.ಕಾಂ. ಮುಗಿಸಿ, ತುಮಕೂರು ರಸ್ತೆಯ ಒಂದು ಟೈರ್ ಅಂಗಡಿಯಲ್ಲಿ ಬಿಲ್ಲು ಮಾಡುವ ಕೆಲಸಕ್ಕೆ ಸೇರಿದ್ದಳು.

ಆ ಕೀಯ ಹಿಂದೆ ಭರಮಪ್ಪನ ಅರ್ಧ ಆಯುಷ್ಯವಿತ್ತು. ನರಗುಂದದ ಕಡೆಯ, ಅಂಟು ಕರಿಮಣ್ಣಿನ ಎರೆಹೊಲದ ಸೀಮೆಯಲ್ಲಿ ಗೌಡರ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅವನು. ಅರ್ಧ ಊರಿನ ಹೊಲ ಅವನ ಕೈಯಲ್ಲೇ ಉತ್ತದ್ದು. ಊರಲ್ಲಿ ಮೂವರು ಭರಮಪ್ಪಂದಿರಿದ್ದರೂ 'ಟ್ಯಾಕ್ಟರ್ ಭರಮಪ್ಪ' ಎಂದರೆ ಇವನೊಬ್ಬನೇ. ಗೌಡರ ಮಕ್ಕಳು ಅದನ್ನು ಮಾರಿದ ಮೇಲೆ ಬೆಂಗಳೂರಿಗೆ ಬಂದ, ಸಿಮೆಂಟ್ ಚೀಲ ಹೊತ್ತ, ಬೆನ್ನು ಕೆಡಿಸಿಕೊಂಡ. ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಏಯ್' ಎಂದರೆ ಅವನೇ ತಿರುಗಿ ನೋಡುತ್ತಿದ್ದ. ಲೋಕೇಶ್ ಟ್ರ್ಯಾಕ್ಟರ್ ಕೊಂಡು ಡ್ರೈವರ್ ಹುಡುಕತೊಡಗಿದ ದಿನ ಅವನಿಗೆ ಹೆಸರು ಮರಳಿ ಸಿಕ್ಕಿತು.

ಲೋಕೇಶ್ ಈ ಊರಿನ ಮೂಲದವನು. ಅವನ ಅಜ್ಜ ರಾಗಿ ಬೆಳೆದ ನೆಲದ ಮೇಲೆ ಈಗ ಎರಡು ಪಿಜಿ ಕಟ್ಟಡಗಳು ನಿಂತಿದ್ದವು. ರಾಜಕಾಲುವೆಯ ಪಕ್ಕದ ತಗ್ಗು ಜಾಗವೊಂದು ಮಾತ್ರ ಖಾಲಿ ಉಳಿದಿತ್ತು; ಅಲ್ಲಿನ ಬೋರ್‌ವೆಲ್ಲಿನಲ್ಲಿ ಕಡು ಬೇಸಿಗೆಯಲ್ಲೂ ನೀರು. ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿ ಅಪಾರ್ಟ್‌ಮೆಂಟುಗಳಿಗೆ ನೀರು ಹೊಡೆಯುವುದು ಭರಮಪ್ಪನ ಕೆಲಸ. ತಗ್ಗಿನಿಂದ ರಸ್ತೆಗೆ ಹತ್ತಲು ಕಾಂಕ್ರೀಟಿನ ಕಡಿದಾದ ಏರು. ತುಂಬಿದ ಟ್ಯಾಂಕರ್ ಅಲ್ಲಿ ಹಿಂದಿನ ಗಾಲಿಗಳಿಗಷ್ಟೇ ಬಗ್ಗುವುದಿಲ್ಲ. ಫೋರ್‌ವೀಲ್ ಲಿವರ್ ಎಳೆದು, ಮುಂದಿನ ಗಾಲಿಗಳನ್ನೂ ದುಡಿತಕ್ಕೆ ಹಚ್ಚಬೇಕು. ಡಾಂಬರು ಸಿಕ್ಕೊಡನೆ ಲಿವರ್ ಬಿಡಬೇಕು.

ಆ ಮುಂದಿನ ಗಾಲಿಗಳ ಗೇರ್ ಎರಡು ಸಲ ಮುರಿದಿತ್ತು.

"ನೀನು ಫೋರ್‌ವೀಲ್ ತೆಗೀದೆ ರೋಡಲ್ಲಿ ಓಡುಸ್ತಿದೀಯ ಭರಮಣ್ಣ," ಎಂದಿದ್ದ ಲೋಕೇಶ್. "ಇಲ್ದಿದ್ರೆ ಇಂಗ್ಯಾಕೆ ಓಯ್ತದೆ ಗೇರು? ಇನ್ನೊಂದ್ಸಲ ಓದ್ರೆ ಕೀ ಕೊಟ್ಬುಡಬೇಕು, ಈಗ್ಲೇ ಯೋಳಿವ್ನಿ."

"ನಮ್ಮವ್ವನಾಣಿ ಸಾವಕಾರ್ರ, ಡಾಂಬರ್ ಮ್ಯಾಲೆ ಒಂದು ಗೇಣು ಓಡಿಸಿಲ್ಲ," ಎಂದಿದ್ದ ಭರಮಪ್ಪ. ಅದು ನಿಜವೂ ಆಗಿತ್ತು. ನಂಬಿದವರು ಯಾರೂ ಇರಲಿಲ್ಲ, ಮಗಳೊಬ್ಬಳ ಹೊರತು.

ಈಗ ಮತ್ತೆ ಸದ್ದು ಶುರುವಾಗಿತ್ತು. ಏರು ಹತ್ತುವಾಗ ಮುಂದಿನ ಗಾಲಿಗಳ ನಡುವೆ ಯಾರೋ ಹುರಿಗಡಲೆ ಜಗಿದಂತೆ ಕಟಕಟ. ಭರಮಪ್ಪ ಊಟಕ್ಕೆ ಕೂತರೂ ತುತ್ತು ನಿಲ್ಲಿಸಿ ಆ ಸದ್ದನ್ನೇ ಆಲಿಸುವವನಂತೆ ಗೋಡೆ ನೋಡುತ್ತಿದ್ದ.

ಶಾಂಭವಿಗೆ ಒಂದು ಚಾಳಿಯಿತ್ತು. ಏನೇ ಹೇಳುವುದಿದ್ದರೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿ, ತಿದ್ದಿ, ಮತ್ತೆ ಜೋಡಿಸಿ ಬಾಯಿಗೆ ತರುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿಬಿಟ್ಟಿರುತ್ತಿತ್ತು. ಆ ವಾಕ್ಯ ಗಂಟಲಲ್ಲೇ ಹಳಸುತ್ತಿತ್ತು. ಅಂಗಡಿಯ ಮಾಲೀಕ ಶಿವಶಂಕರ್ ದಿನಕ್ಕೊಮ್ಮೆಯಾದರೂ, "ಏನಮ್ಮಾ, ನಿಂಗೊಂದು ಮೈಕ್ ಹಾಕ್ಸಣ್ವಾ? ಗಿರಾಕಿ ಕಿವಿ ತಂದು ನಿನ್ ಬಾಯತ್ರ ಇಡ್ಬೇಕು," ಎಂದು ನಗಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವಳೂ ತಲೆ ತಗ್ಗಿಸಿ ನಗುತ್ತಿದ್ದಳು.

ಒಂದು ಶನಿವಾರ ಟೈರ್ ಕಂಪನಿಯವನೊಬ್ಬ ಅಂಗಡಿಗೆ ಬಂದ. ಕೆಲಸಗಾರರನ್ನೆಲ್ಲ ಕೂಡಿಸಿ, ಚಹಾ ಹೀರುತ್ತ ಪಾಠ ಹೇಳತೊಡಗಿದ. ಶಾಂಭವಿ ಗಾಜಿನ ಹಿಂದೆ ಬಿಲ್ಲು ಹೊಡೆಯುತ್ತಿದ್ದಳು. ಕಿವಿ ಆ ಕಡೆಗಿತ್ತು.

"ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿಗೆ ಹಿಂದೆ ಸ್ವಲ್ಪ ದೊಡ್ಡದು ಹಾಕಿದ್ರೂ ನಡೆಯುತ್ತೆ ಗುರು. ಮುಂದಿನ ವೀಲ್ ಪಾಪ ಸುಮ್ನೆ ಉರುಳ್ತಾ ಹೋಗುತ್ತೆ. ಫೋರ್‌ವೀಲಲ್ಲಿ ಹಂಗಲ್ಲ. ಮುಂದಿನದಕ್ಕೂ ಹಿಂದಿನದಕ್ಕೂ ಗೇರಲ್ಲಿ ಗಂಟು ಹಾಕಿರ್ತಾರೆ. ಎರಡೂ ಜೋಡಿ ಸೈಜು. ಮುಂದಿನದು ಕೂದಲೆಳೆಯಷ್ಟು ಮುಂದೆ ಎಳೀತಾನೇ ಇರ್ಬೇಕು. ಹಿಂದೆ ಎತ್ತರದ ಟೈರ್ ಹಾಕಿಬಿಟ್ರೋ, ಮುಂದಿನ ವೀಲು ಹಿಂದೆ ಬೀಳುತ್ತೆ. ಎಳೆಯೋ ಬದಲು ಬ್ರೇಕ್ ಹಿಡಿಯುತ್ತೆ. ಆಮೇಲೆ ಕಟಕಟ ಅನ್ನುತ್ತೆ, ಗೇರ್ ಪೀಸ್ ಪೀಸ್. ರಿಮ್ಮಿಗೆ ಕೂತ್ಕೊಳ್ತು ಅಂತ ಟೈರ್ ಹಾಕ್ಬಾರ್ದು ಕಣ್ರಪ್ಪಾ."

ಶಾಂಭವಿಯ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಲೋಕೇಶನ ಟ್ರ್ಯಾಕ್ಟರಿಗೆ ಕಂಪನಿಯಿಂದ ಬಂದಾಗ ಹಿಂದೆ ಇದ್ದದ್ದು ಹದಿಮೂರು ಪಾಯಿಂಟ್ ಆರರ ಟೈರು. ಅದು ಸವೆದ ಮೇಲೆ ಹಾಕಿಸಿದ್ದು ಹದಿನಾಲ್ಕು ಪಾಯಿಂಟ್ ಒಂಬತ್ತು, ಅಗಲವೂ ಎತ್ತರವೂ ಹೆಚ್ಚಿನದು. ರಿಮ್ ಎರಡಕ್ಕೂ ಅದೇ ಇಪ್ಪತ್ತೆಂಟು ಇಂಚಿನದು. ಹೊಸದು ಚೆನ್ನಾಗಿಯೇ ಕೂತಿತ್ತು. ಕೂತದ್ದೇ ಮೋಸವಾಗಿತ್ತು. ಆ ಟೈರು ಕೊಂಡದ್ದು ಇದೇ ಅಂಗಡಿಯಲ್ಲಿ, ಅವಳಿನ್ನೂ ಸೇರಿರದಾಗ. ಲೋಕೇಶನ ಜೊತೆ ಟೈರು ತರಲು ಬಂದಿದ್ದ ಅಪ್ಪನೇ, "ನಮ್ಮ ಹುಡುಗಿ ಬಿ.ಕಾಂ. ಮಾಡ್ಯಾಳ್ರಿ," ಎಂದು ಶಿವಶಂಕರನ ಕಿವಿಗೆ ಹಾಕಿದ್ದು. ಅವಳ ಕೆಲಸವೂ ಆ ಟೈರೂ ಒಂದೇ ದಿನ ನಿಶ್ಚಯವಾದವು.

ಲೋಕೇಶನೇ ಆರಿಸಿರಬೇಕು ಎಂದುಕೊಂಡಳು. ಅವನ ಜೀಪನ್ನು ಯಾರು ನೋಡಿಲ್ಲ? ಮೈಗಿಂತ ಗಾಲಿಯೇ ದಪ್ಪ. ಓಣಿಗೆ ಬಂದರೆ ಗೋಣಿಚೀಲಗಳೇ ಉರುಳಿ ಬಂದಂತೆ. ದೊಡ್ಡದೆಂದರೆ ಅವನಿಗೆ ಜೀವ. ಆದರೂ ಖಾತ್ರಿಗಾಗಿ ಶಿವಶಂಕರನನ್ನು ಕೇಳಬಹುದಿತ್ತು. 'ಸಾರ್, ಲೋಕೇಶಣ್ಣನ ಟೈರಿನ ಸೈಜು ಯಾರು ಹೇಳಿದ್ದು?' ವಾಕ್ಯ ಸಿದ್ಧವಾಯಿತು. ಅಷ್ಟರಲ್ಲಿ ಅವನು ಕಂಪನಿಯವನನ್ನು ಬೀಳ್ಕೊಡಲು ರಸ್ತೆ ದಾಟಿದ್ದ. ಹೋಗಲಿ ಬಿಡು, ಗೊತ್ತಿರುವುದನ್ನು ಕೇಳುವುದೇನು ಎಂದು ಬಿಲ್ಲಿಗೆ ಮರಳಿದಳು.

ಭಾನುವಾರ ಮಧ್ಯಾಹ್ನ ಅಪ್ಪನನ್ನು ಹೊರಡಿಸಿದಳು. ನಿವೇಶನಗಳಾಗಿ ಹಂಚಿ, ಮನೆ ಏಳದೆ ಬಿದ್ದಿದ್ದ ಬಡಾವಣೆಯೊಂದರ ಸಪಾಟು ರಸ್ತೆಗೆ ಟ್ಯಾಂಕರ್ ಬಿಚ್ಚಿದ ಟ್ರ್ಯಾಕ್ಟರ್ ಬಂತು. ಕಂಪನಿಯವನು ಪರೀಕ್ಷೆಯ ಬಗೆಯನ್ನೂ ಹೇಳಿದ್ದ: ಗಾಲಿಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಒಮ್ಮೆ ಲಿವರ್ ಬಿಟ್ಟು, ಒಮ್ಮೆ ಹಾಕಿ, ಒಂದೇ ದೂರ ಓಡಿಸಬೇಕು. ಲಿವರ್ ಹಾಕಿದಾಗ ಮುಂದಿನ ಗಾಲಿ ತುಸು ಜಾಸ್ತಿ ತಿರುಗಿದರೆ ಜೋಡಿ ಸರಿ. ಕಡಿಮೆ ತಿರುಗಿದರೆ ತಪ್ಪು.

"ಏನವಾ ಇದು, ಕುಂಟಬಿಲ್ಲೆ ಆಡಿಸಾಕ ಕರ್ಕೊಂಡು ಬಂದಿಯೇನು?" ಅವಳು ಬಗ್ಗಿ ಟೈರಿಗೆ ಗೀಟು ಹಾಕುವಾಗ ಭರಮಪ್ಪ ಸೀಟಿನ ಮೇಲಿಂದಲೇ ನಕ್ಕ.

"ಮೆಲ್ಲಕ ಬಿಡಪಾ. ನಾ ಎಣಸ್ತೀನಿ."

"ಇದರಕಿಂತ ಮೆಲ್ಲಕ ಅಂದ್ರ ನಿಂದ್ರಬೇಕಾಗತೈತಿ. ನಿಮ್ಮವ್ವನ್ನ ಗಾಡ್ಯಾಗ ಮದಿವಿ ಮಾಡ್ಕೊಂಡು ತಂದಾಗೂ ಇಷ್ಟು ಮೆಲ್ಲಕ ಹೊಡದಿಲ್ಲ ನಾ."

ಅವಳು ಗಾಲಿಯ ಪಕ್ಕದಲ್ಲೇ ದುಪಟ್ಟಾ ಸೊಂಟಕ್ಕೆ ಬಿಗಿದು ನಡೆದಳು. ಬಿಳಿ ಗೀಟು ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಅಪ್ಪ ಸಿಳ್ಳೆ ಹೊಡೆಯುತ್ತಿದ್ದ. ಎಷ್ಟೋ ತಿಂಗಳ ಮೇಲೆ ಕೇಳಿದ ಸಿಳ್ಳೆ ಅದು. ಈ ರಸ್ತೆ ಮುಗಿಯದಿರಲಿ ಎನಿಸಿತು ಅವಳಿಗೆ.

ಎರಡನೆಯ ಸಲ, ಲಿವರ್ ಹಾಕಿ ಬಂದಾಗ, ಮುಂದಿನ ಗಾಲಿಯ ಗೀಟು ಮೊದಲಿನ ಜಾಗ ಮುಟ್ಟಲೇ ಇಲ್ಲ. ಒಂದು ಮೊಳದಷ್ಟು ಹಿಂದೆಯೇ ಉಳಿಯಿತು. ಮತ್ತೊಮ್ಮೆ ಮಾಡಿಸಿದಳು. ಮತ್ತೆ ಅಷ್ಟೇ.

ಅವಳ ಮುಖ ಅರಳಿತು. "ಅಪ್ಪಾ, ಇಳಿ ಇಳಿ. ನಿಂದೇನೂ ತಪ್ಪಿಲ್ಲ!" ಎಂದು, ಹಿಂದಿನ ಗಾಲಿಯ ಎತ್ತರ, ಮುಂದಿನದು ಹಿಂದೆ ಬೀಳುವುದು ಎಲ್ಲವನ್ನೂ ಒಂದೇ ಉಸುರಿಗೆ ಹೇಳಿದಳು. ಅಪ್ಪನ ಮುಖದಲ್ಲಿ ಏನೂ ಕಾಣದೆ, ಅವನ ಭಾಷೆಯಲ್ಲೇ ಹೇಳಹೊರಟಳು. "ಒಂದ ನೊಗಕ್ಕ ಒಂದು ಜೋರು ಎತ್ತು, ಒಂದು ಸಣ್ಣ ಹೋರಿ ಕಟ್ಟಿದಂಗ. ದೊಡ್ಡದು ದಾಪುಗಾಲು ಹಾಕತೈತಿ. ಸಣ್ಣದರ ಕುತ್ತಿಗಿ ಮುರೀತೈತಿ. ಹೊಡಿಯಾಂವ ಏನು ಮಾಡ್ಯಾನು? ಕಟ್ಟಿದಾಂವಂದು ತಪ್ಪು."

ಭರಮಪ್ಪ ಕೆಳಗಿಳಿದ. ಹಿಂದಿನ ಟೈರಿನ ಮೇಲೆ ಅಂಗೈ ಇಟ್ಟ. ಮೈಮೇಲೆ ಗಾಯವಾದ ಎತ್ತನ್ನು ಮುಟ್ಟುವಂತೆ ಮುಟ್ಟಿದ. ಬಹಳ ಹೊತ್ತು ಹಾಗೇ ನಿಂತಿದ್ದ.

"ಯಾರಿಗೂ ಹೇಳಬ್ಯಾಡವ್ವ ಇದನ್ನ," ಎಂದ.

"ಯಾಕಪಾ? ಕೀ ಉಳೀತೈತಿ!"

"ಬ್ಯಾಡ ಅಂದ್ನಲ್ಲ. ಇಲ್ಲಿಗೇ ಬಿಡು."

ಸಾವಕಾರನ ತಪ್ಪನ್ನು ಸಾವಕಾರನಿಗೆ ಹೇಳಲು ಅಪ್ಪನಿಗೆ ಹೆದರಿಕೆ ಎಂದು ಅವಳಿಗೆ ಅನಿಸಿತು. ಹೆದರಿಕೆಯ ರುಚಿ ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಮನೆಗೆ ಬರುವಾಗ ಅಪ್ಪ ಸಿಳ್ಳೆ ಹೊಡೆಯಲಿಲ್ಲ. ಅಪ್ಪನ ಬದಲು ತಾನೇ ಹೇಳುತ್ತೇನೆ, ಒಂದೇ ಒಂದು ಸಲ ಗಟ್ಟಿಯಾಗಿ ಹೇಳುತ್ತೇನೆ ಎಂದು ಅವಳು ಅಂದೇ ವಾಕ್ಯ ಜೋಡಿಸತೊಡಗಿದಳು.

ಹೇಳುವ ಗಳಿಗೆ ಅವಳು ಎಣಿಸಿದ್ದಕ್ಕಿಂತ ಬೇಗ ಬಂತು. ಸೋಮವಾರ ಅಂಗಡಿಗೆ ಹೊರಟವಳು ತಗ್ಗಿನ ಜಾಗದ ಬಳಿ ಜನ ನಿಂತದ್ದು ಕಂಡು ಓಡಿದಳು. ಟ್ರ್ಯಾಕ್ಟರ್ ಏರಿನ ನಡುವೆ ನಿಂತುಬಿಟ್ಟಿತ್ತು. ಟ್ಯಾಂಕರಿನ ಗಾಲಿಗೆ ಕಲ್ಲು ಕೊಟ್ಟಿದ್ದರು. ಮುಚ್ಚಳದಿಂದ ತುಳುಕಿದ ನೀರು ಏರಿನುದ್ದಕ್ಕೂ ಇಳಿದು ರಾಜಕಾಲುವೆ ಸೇರುತ್ತಿತ್ತು. ಮೆಕ್ಯಾನಿಕ್ ಮರೆಪ್ಪ ಮುಂದಿನ ಗಾಲಿಗಳ ಅಡಿಯಿಂದ ತೆವಳಿ ಹೊರಬಂದು ತಲೆಯಾಡಿಸಿದ.

"ಓಯ್ತಾ?" ಎಂದ ಲೋಕೇಶ್.

"ಓಯ್ತಣ್ಣ. ಪುಡಿಪುಡಿ."

ಲೋಕೇಶ್ ಕೂಗಾಡಲಿಲ್ಲ. ಭರಮಪ್ಪನ ಕಡೆ ತಿರುಗಿ ಕೈ ಚಾಚಿದ, ಅಷ್ಟೇ. ಭರಮಪ್ಪ ಅಂಗಿ ಎತ್ತಿ, ಉಡದಾರದ ಗಂಟು ಬಿಚ್ಚತೊಡಗಿದ. ಗಂಟು ಹಳೆಯದು, ಬೆವರು ಕುಡಿದು ಕಲ್ಲಾಗಿತ್ತು. ಅವನ ದಪ್ಪ ಬೆರಳುಗಳಿಗೆ ಬಿಚ್ಚಲಾಗುತ್ತಿರಲಿಲ್ಲ. ಅಷ್ಟು ಜನರ ಮುಂದೆ ಹೊಟ್ಟೆ ತೆರೆದುಕೊಂಡು, ತಲೆ ಬಗ್ಗಿಸಿ ಗಂಟಿನೊಡನೆ ಗುದ್ದಾಡುತ್ತಿದ್ದ ಅಪ್ಪನನ್ನು ನೋಡಲಾಗದೆ ಶಾಂಭವಿ ಮುಂದೆ ಬಂದಳು.

"ಲೋಕೇಶಣ್ಣ, ಒಂದು ನಿಮಿಷ."

ಧ್ವನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಎಲ್ಲರೂ ತಿರುಗಿದರು.

"ಶಾಂಭವ್ವ, ಸುಮ್ಕಿರು," ಎಂದ ಭರಮಪ್ಪ.

ಅವಳು ಸುಮ್ಮನಾಗಲಿಲ್ಲ. ಜೋಡಿಸಿಟ್ಟ ವಾಕ್ಯಗಳು ಒಂದೂ ತಡವರಿಸದೆ, ದಾರಕ್ಕೆ ಪೋಣಿಸಿದಂತೆ ಹೊರಬಂದವು. ಸೀಮೆಸುಣ್ಣದ ಗುರುತು ಹೇಳಿದಳು. ಜೋಡಿ ಸೈಜು ಹೇಳಿದಳು. ಮುಂದಿನ ಟೈರಿನ ಹಲ್ಲುಗಳು ಒಂದೇ ಮಗ್ಗುಲಿಗೆ ಸವೆದದ್ದನ್ನು ಬೆರಳು ಮಾಡಿ ತೋರಿಸಿದಳು. ಹುಟ್ಟಿದಾಗಿನಿಂದ ಇಷ್ಟು ಮಾತನ್ನು ಇಷ್ಟು ಜನರ ಮುಂದೆ ಅವಳು ಆಡಿರಲಿಲ್ಲ.

ಮರೆಪ್ಪ ಕುಕ್ಕರಗಾಲಲ್ಲಿ ಕೂತು ಟೈರಿನ ಹಲ್ಲು ಸವರಿದ. "ಉಡ್ಗಿ ಯೋಳ್ತಿರೋದು ಸರಿಯಾಗೈತೆ ಲೋಕೇಶಣ್ಣ. ನಾವು ಗೇರ್ ಗೇರ್ ಅಂತ ಬಾಯ್ ಬಡ್ಕಂಡು ಟೈರ್ ನೋಡ್ನೇ ಇಲ್ಲ."

"ಹೌದಾ?" ಲೋಕೇಶ್ ಹುಬ್ಬೇರಿಸಿದ. "ಅಂಗಾದ್ರೆ ಭರಮಣ್ಣ ರೋಡಲ್ಲಿ ಓಡ್ಸಿರೋದಲ್ಲ?"

"ಅಲ್ಲ!" ಎಂದಳು ಶಾಂಭವಿ. ಗೆದ್ದೆ ಎನಿಸಿತ್ತು. ಗೆದ್ದವರು ಒಂದು ಮಾತು ಹೆಚ್ಚಿಗೆ ಆಡುತ್ತಾರೆ, ಅವಳೂ ಆಡಿದಳು. "ನಮ್ಮಪ್ಪಂದೇನೂ ತಪ್ಪಿಲ್ಲ. ಗೊತ್ತಿಲ್ದೇ ಈ ಟೈರ್ ಆರಿಸಿದ್ರಲ್ಲ, ಅವ್ರದ್ದು ತಪ್ಪು."

ಲೋಕೇಶ್ ಅವಳನ್ನು ನೋಡಿದ. ಆಮೇಲೆ ಭರಮಪ್ಪನನ್ನು ನೋಡಿದ. ಮರೆಪ್ಪ ಎದ್ದು ನಿಂತು ಬಟ್ಟೆಯ ಚೂರಿನಿಂದ ಕೈ ಒರೆಸಿಕೊಳ್ಳತೊಡಗಿದ. ಏರಿನಲ್ಲಿ ನೀರು ಹರಿಯುವ ಸದ್ದು ಒಮ್ಮೆಗೇ ದೊಡ್ಡದಾಗಿ ಕೇಳಿತು.

"ಭರಮಣ್ಣ," ಎಂದ ಲೋಕೇಶ್. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. "ಮಗಳ್ಗೆ ಯೋಳಿಲ್ವಾ ನೀನು?"

ಭರಮಪ್ಪ ಗಂಟಿನ ಮೇಲೆ ಬಗ್ಗಿದವನು ತಲೆಯೆತ್ತಲಿಲ್ಲ.

"ನಾನು ಇದ್ದಿದ್ದನ್ನೇ ಕೊಡಿ ಅಂದಿದ್ದೆ ಕಣಮ್ಮಾ. ಶಿವಶಂಕರಣ್ಣನೂ ಹದಿಮೂರು ಪಾಯಿಂಟ್ ಆರೇ ತಂದು ಮುಂದಿಟ್ಟಿದ್ದ. ನಿಮ್ಮಪ್ಪನೇ ಅಂದಿದ್ದು, ಬ್ಯಾಡ್ರಿ, ಇನ್ನೊಂದು ಸೈಜು ದೊಡ್ಡದು ಹಾಕ್ಸಿ, ನಮ್ಮ ಕಡೆ ಎಲ್ಲಾ ಅದೇನೇ, ನೆಲ ಕಚ್ಕೊಂಡು ಎಳೀತದೆ ಅಂತ. ಇಷ್ಟು ವರ್ಸ ಟ್ರ್ಯಾಕ್ಟರ್ ಮ್ಯಾಲೇ ಕುಂತಿರೋ ಮನ್ಸ, ನಂಗಿಂತ ಗೊತ್ತಿರ್ತದೆ ಅಂತ ನಾನೂ ಊಂ ಅಂದೆ."

"ಹೌದ್ರಿ," ಎಂದ ಭರಮಪ್ಪ, ಯಾರಿಗೆಂದಿಲ್ಲದೆ. "ನಮ್ಮ ಎರಿ ಹೊಲದಾಗ ದೊಡ್ಡ ಗಾಲಿನ ಬೇಕ್ರಿ. ಸಣ್ಣದು ಹಾಕಿದ್ರ ಹುಗದು ಕುಂದರತಾವು. ಆದ್ರ ಗೌಡ್ರ ಗಾಡಿ ಟೂ ವೀಲ್ ಇತ್ರಿ. ಮುಂದಿನ ಗಾಲಿ ಬರೇ ಉರುಳೂದು. ಇದು ಎರಡನ್ನೂ ಬಿಗದು ಕಟ್ಟಿದ್ದು ಅಂತ… ನಂಗ ತಿಳೀಲಿಲ್ರಿ."

ಆಗ ಗಂಟು ಬಿಚ್ಚಿಕೊಂಡಿತು.

ಶಾಂಭವಿಗೆ ಭಾನುವಾರ ಅಪ್ಪನ ಅಂಗೈ ಟೈರಿನ ಮೇಲೆ ಯಾಕೆ ಅಷ್ಟು ಹೊತ್ತು ನಿಂತಿತ್ತೆಂದು ಈಗ ತಿಳಿಯಿತು. 'ಕಟ್ಟಿದಾಂವಂದು ತಪ್ಪು' ಎಂದು ತಾನೇ ಅವನ ಮುಖಕ್ಕೆ ಅಂದಿದ್ದಳು; ಎತ್ತು, ಹೋರಿ, ನೊಗ ಎಂದು ಚೆನ್ನಾಗಿ ಮನಸ್ಸಿಗೆ ನಾಟುವ ಹಾಗೆ ಅಂದಿದ್ದಳು. ರಸ್ತೆಯಲ್ಲಿ ಓಡಿಸಿದೆ ಎಂಬ ಸುಳ್ಳು ಅಪವಾದಕ್ಕೆ ಅಪ್ಪ ಎದೆಯೆತ್ತಿ ಅವ್ವನಾಣೆ ಇಡುತ್ತಿದ್ದ. ಕೀ ಹೋದರೂ 'ಸುಳ್ಳು ಹೊರಿಸಿ ಕಸಗೊಂಡ್ರು' ಎಂದು ಸಾಯುವವರೆಗೂ ಹೇಳಿಕೊಂಡಿರಬಹುದಿತ್ತು. ಈಗ ಹೇಳಿಕೊಳ್ಳಲು ಏನೂ ಉಳಿಯಲಿಲ್ಲ. ಟ್ಯಾಕ್ಟರ್ ಭರಮಪ್ಪನಿಗೆ ಟ್ರ್ಯಾಕ್ಟರ್ ತಿಳಿಯದು ಎಂದು ಸಾರಿದವಳು ಹೆತ್ತ ಮಗಳು, ಅದೂ ಗಟ್ಟಿ ದನಿಯಲ್ಲಿ.

ಭರಮಪ್ಪ ಕೀಯನ್ನು ಲೋಕೇಶನ ಅಂಗೈಯಲ್ಲಿಟ್ಟ.

"ಇರ್ಲಿ ಬುಡು ಭರಮಣ್ಣ," ಎಂದ ಲೋಕೇಶ್, ಕೀ ಹಿಡಿದ ಕೈಯನ್ನು ಏನು ಮಾಡಬೇಕೆಂದು ತೋಚದವನಂತೆ. ಮರಳಿಸಿಯಾನೇನೋ ಎಂದು ಶಾಂಭವಿ ಆ ಕೈಯನ್ನೇ ನೋಡಿದಳು. "ವಯಸ್ಸೂ ಆಯ್ತು. ಬೆನ್ನು ಬೇರೆ ಸರಿಯಿಲ್ಲ ನಿಂಗೆ. ನಾಳೆಯಿಂದ ಪಿಜಿ ಗೇಟಲ್ಲಿ ಕುಂತ್ಕೋ. ನೆಳ್ಳು ಐತೆ, ಫ್ಯಾನ್ ಐತೆ. ಗಾಡಿಗಳು ಬಂದ್ರೆ ಗೇಟ್ ತೆಗ್ಯೋದು, ಆಕೋದು, ಅಷ್ಟೇಯ."

"ಆಗಲ್ರಿ," ಎಂದ ಭರಮಪ್ಪ. ಬಿಚ್ಚಿದ ಉಡದಾರವನ್ನು ಕಟ್ಟಿಕೊಳ್ಳದೆ ಜೇಬಿಗೆ ತುರುಕಿಕೊಂಡ. ಮಗಳ ಪಕ್ಕದಲ್ಲೇ ಹಾದುಹೋದ. "ಅಂಗಡಿಗೆ ತಡ ಆತು ನೋಡು ನಿನಗ," ಎಂದ. ಬಯ್ಯಲಿಲ್ಲ. ಅಂದೂ ಬಯ್ಯಲಿಲ್ಲ, ಮುಂದೆಂದೂ ಬಯ್ಯಲಿಲ್ಲ.

ಅದೇ ವಾರ ಲೋಕೇಶ್ ಅಂಗಡಿಗೆ ಬಂದು ಹದಿಮೂರು ಪಾಯಿಂಟ್ ಆರರ ಹೊಸ ಜೋಡಿ ಕೊಂಡ. ಬಿಲ್ಲು ಹೊಡೆದದ್ದು ಶಾಂಭವಿಯೇ. "ಭಾರಿ ಬುದ್ವಂತೆ ಕಣಣ್ಣ ನಿಮ್ಮ ಉಡ್ಗಿ," ಎಂದು ಲೋಕೇಶ್ ಮನಸಾರೆ ಹೊಗಳಿದ. "ಕೇಳಿಸ್ತಾ? ಇನ್ಮೇಲೆ ನಿಂಗೆ ಮೈಕ್ ಬೇಡ," ಎಂದು ಶಿವಶಂಕರ್ ನಕ್ಕ. ಅವಳು ತಲೆಯೆತ್ತಲಿಲ್ಲ. ಟೈರುಗಳನ್ನು ಉರುಳಿಸಿಕೊಂಡು ಹೋದದ್ದು ಸಿದ್ರಾಮ ಎಂಬ ಹೊಸ ಡ್ರೈವರ್. ಕೀ ಅವನ ಜೇಬಿನಲ್ಲಿ, ಒಂದು ಪ್ಲಾಸ್ಟಿಕ್ ಗೊಂಬೆಯ ಜೊತೆಗಿತ್ತು.

ಮನೆಯಲ್ಲಿ ಬೆಳಗಿನ ಕಿಣಿಕಿಣಿ ನಿಂತಿತು. ಬರೀ ನೀರು ಬೀಳುವ ಸದ್ದು. ಚನ್ನಕ್ಕನೂ ಈಗ ಛೇಡಿಸುತ್ತಿರಲಿಲ್ಲ; ರೊಟ್ಟಿ ತಟ್ಟುವ ಸದ್ದಿನಲ್ಲಿ ಏನೋ ಹೆಚ್ಚಿಗೆ ಪೆಟ್ಟಿತ್ತು.

ಗೇರ್ ಕಟ್ಟಿಸಿಕೊಂಡು ಟ್ರ್ಯಾಕ್ಟರ್ ಮತ್ತೆ ರಸ್ತೆಗಿಳಿದ ದಿನ ಶಾಂಭವಿ ಅಪ್ಪನಿಗೆ ಬುತ್ತಿ ಕೊಡಲು ಪಿಜಿಗೆ ಹೋದಳು. ನೀಲಿ ಅಂಗಿ ತೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಭರಮಪ್ಪ. ಅಂಗಿ ಹಿಂದಿನ ವಾಚ್‌ಮನ್ನಿನದು, ತೋಳು ಗಿಡ್ಡ. ದೂರದಲ್ಲಿ ಎಂಜಿನ್ನಿನ ಸದ್ದು ಕೇಳಿತು. ಅವನು ಎದ್ದು ನಿಂತ. ತುಂಬಿದ ಟ್ಯಾಂಕರ್ ಎಳೆದುಕೊಂಡು ಟ್ರ್ಯಾಕ್ಟರ್ ತಗ್ಗಿನಿಂದ ಏರು ಹತ್ತತೊಡಗಿತು. ಅವನು ಕಣ್ಣು ಮುಚ್ಚಿ ಕಿವಿಗೊಟ್ಟ. ಕಟಕಟ ಇರಲಿಲ್ಲ. ಎಲ್ಲೂ ತಡೆಯದೆ, ಜಿಗಿಯದೆ ಅದು ಹತ್ತಿತು, ರಸ್ತೆಗೆ ಬಂತು, ಗೇಟಿನ ಮುಂದೆಯೇ ಹಾದುಹೋಯಿತು. ಸಿದ್ರಾಮ ಗೌರವಕ್ಕೆಂದು ಹಾರ್ನ್ ಹೊಡೆದ. ಹಿಂದಿನ ಗಾಲಿಗಳು ಮೊದಲಿಗಿಂತ ಗಿಡ್ಡ ಕಾಣುತ್ತಿದ್ದವು.

"ಬೆಣ್ಯಾಗ ಹೋದಂಗ ಹೋತು," ಎಂದ ಭರಮಪ್ಪ. ಹೆಮ್ಮೆಯೋ ನೋವೋ ತಿಳಿಯಲಿಲ್ಲ. "ಯಾವ ಸೈಜು ಹಾಕಿಸಿದ್ರವ್ವಾ?"

ಅವಳು ಹೇಳಿದಳು.

"ಆಂ? ಗಟ್ಟಿಯಾಗಿ ಹೇಳು. ಕೇಳಸಲಿಲ್ಲ."

ಅವಳು ಮತ್ತೆ ಬಾಯಿ ತೆರೆದಳು. ತುಟಿ ಅಲ್ಲಾಡಿತು. ದನಿ ಬರಲಿಲ್ಲ. ಮಗಳ ಬಾಯಿಯ ಹತ್ತಿರ ಕಿವಿ ತಂದು ಬಗ್ಗಿ ನಿಂತ ಅಪ್ಪನ ಕತ್ತಿನ ನರೆಗೂದಲು ಅವಳಿಗೆ ಕಾಣುತ್ತಿತ್ತು. ಹದಿಮೂರು ಎಂದಷ್ಟೇ ಅನ್ನಬೇಕಿತ್ತು.

"ಅಂಕಲ್, ಗೇಟ್!" ಊಟದ ಪಾರ್ಸೆಲ್ ತಂದವನೊಬ್ಬ ಸ್ಕೂಟರಿನಲ್ಲೇ ಕೂತು ಕೂಗಿದ.

"ಬಂದೆ ಬಂದೆ," ಎಂದು ಭರಮಪ್ಪ ಹೋದ. ಗೇಟಿನ ಚಿಲಕಕ್ಕೆ ಕೈ ಹಾಕುವ ಮುನ್ನ ಅವನ ಕೈ ಅಭ್ಯಾಸಬಲದಿಂದ ಒಮ್ಮೆ ಸೊಂಟದ ಬಳಿ ತಡಕಾಡಿತು.